ಬಿಸಿಲನ್ನು ಸೋಸಿ, ಆಮೇಲೆ ಶೂಟ್ ಮಾಡಿ

ಕೊಪ್ಪಳ ತಾಲ್ಲೂಕಿನ ಕಿನ್ನಾಳಕ್ಕೆ ಹೋಗಿದ್ದೆ, ಗೊಂಬೆ ಮಾಡುವ ಅಜ್ಜರೊಬ್ಬರ ವಿಡಿಯೊ ತೆಗೆಯಲು. ಏಪ್ರಿಲ್ ಕೊನೆ, ಮಧ್ಯಾಹ್ನ ಹನ್ನೆರಡು ದಾಟಿತ್ತು. ಬೆಳಕು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡು ಅವರನ್ನು ಅಂಗಳದಲ್ಲೇ ಕೂರಿಸಿದೆ. ತೆಗೆದದ್ದನ್ನು ತೋರಿಸಿದರೆ ಅಜ್ಜ, ‘ತಮ್ಮಾ, ಬರೇ ಮಿಂಚೇ ಕಾಣತೈತಲ್ಲೋ, ಗೊಂಬಿ ಎಲ್ಲೈತಿ?’ ಅಂದರು. ಗೊಂಬೆಯ ಬಣ್ಣದ ಮೇಲೆಲ್ಲ ಬಿಳಿ ಕಲೆ. ಅಜ್ಜನ ಕಣ್ಣಿದ್ದಲ್ಲಿ ಎರಡು ಕಪ್ಪು ಗುಳಿ. ಆ ದಿನಗಳಲ್ಲಿ ಸೂರ್ಯ ನಮ್ಮ ಕಡೆ ನಡುನೆತ್ತಿಗೇ ಬರುತ್ತಾನೆ. ಹುಬ್ಬಿನ ನೆರಳು ನೇರ ಕಣ್ಣಿಗೆ ಬೀಳುತ್ತದೆ.

ಕಲಿಯುವವರು ಮೊದಲು ಕೇಳುವುದು ‘ಯಾವ ಕ್ಯಾಮೆರಾ ತಗೊಳ್ಳಲಿ?’ ಅಂತ. ಕೈಯಲ್ಲಿರುವ ಮೊಬೈಲೇ ಸಾಕು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಬೆಳಕಿಗೆ ಬರ ಇಲ್ಲ. ಅದನ್ನು ತಗ್ಗಿಸುವುದೇ ಕೆಲಸ.

ಬಾಗಿಲೇ ದೀಪ

ಹೊರಗೆ ತೆಗೆಯುವುದಾದರೆ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ತೆಗೆಯಿರಿ. ಉಳಿದ ಹೊತ್ತಿನಲ್ಲಿ ಪಡಸಾಲೆಗೆ ಬನ್ನಿ. ಕೂರುವವರು ಬಾಗಿಲಿನಿಂದ ಮೂರ್ನಾಲ್ಕು ಅಡಿ ಒಳಗಿರಲಿ. ಬೆಳಕು ಒಂದು ಕೆನ್ನೆಗೆ ಓರೆಯಾಗಿ ಬೀಳಬೇಕು. ಬಾಗಿಲಿಗೆ ಬೆನ್ನು ಮಾಡಿ ಮಾತ್ರ ಕೂರಿಸಬೇಡಿ, ಮುಖ ಕಪ್ಪಾಗುತ್ತದೆ.

ನಾಲ್ಕರ ಹೊತ್ತಿಗೆ ಬಿಸಿಲು ಬಾಗಿಲೊಳಗೇ ನುಗ್ಗಿತು. ಅಜ್ಜನ ಬಿಳಿ ಧೋತರ ಕೇಳಿ ಬಾಗಿಲಿಗೆ ಕಟ್ಟಿದೆ. ಸೂರ್ಯ ದೊಡ್ಡವನೇ, ಆದರೆ ಅಷ್ಟು ದೂರದಿಂದ ನಮಗೆ ಕಾಣುವುದು ಒಂದು ನಾಣ್ಯದಷ್ಟು. ಚಿಕ್ಕ ದೀಪದ ನೆರಳು ಗೀರು ಹೊಡೆದ ಹಾಗಿರುತ್ತದೆ. ಧೋತರ ಅಡ್ಡ ಬಂದ ಮೇಲೆ ಇಡೀ ಬಾಗಿಲೇ ದೀಪವಾಯಿತು, ನೆರಳಿನ ಅಂಚು ಮೆತ್ತಗಾಯಿತು.

ಇದು ಕೀ ಲೈಟ್, ಅಂದರೆ ಮುಖ್ಯ ಬೆಳಕು. ಮುಖದ ಇನ್ನೊಂದು ಬದಿ ತೀರಾ ಕತ್ತಲಾದರೆ ಅಲ್ಲಿ ಬಿಳಿ ಥರ್ಮಾಕೋಲ್ ಹಿಡಿಯಿರಿ, ಅದು ಫಿಲ್ ಲೈಟ್. ತೀರಾ ಹತ್ತಿರ ಬೇಡ, ನೆರಳು ಪೂರಾ ಹೋದರೆ ಮುಖ ಚಪಾತಿಯಂತೆ ಚಪ್ಪಟೆ. ಮೂರನೆಯದು ಬ್ಯಾಕ್ ಲೈಟ್. ಹಿಂದಿನಿಂದ ತಲೆ, ಹೆಗಲ ಮೇಲೆ ಸಣ್ಣ ಅಂಚು ಮೂಡಿಸಿ ಗೋಡೆಯಿಂದ ಕೂತವರನ್ನು ಬೇರ್ಪಡಿಸುತ್ತದೆ. ಹಳೆಯ ಮಾಳಿಗೆ ಮನೆಯಾದರೆ ನಿಮ್ಮ ಪುಣ್ಯ: ಬೆಳಕಿಂಡಿಯಿಂದ ಸ್ವಲ್ಪ ಮುಂದಕ್ಕೆ ಕೂರಿಸಿದರೆ ಈ ಕೆಲಸ ಪುಕ್ಕಟೆ. ಇಲ್ಲವಾದರೆ ಸಣ್ಣ ಎಲ್‌ಇಡಿ ದೀಪ. ಅದನ್ನು 2 ಅಡಿಯಿಂದ 4 ಅಡಿಗೆ ಸರಿಸಿದರೆ ಬೆಳಕು ಅರ್ಧವಾಗುವುದಿಲ್ಲ, ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ.

ಗೊಂಬೆಯ ಹೊಳಪಿಗೆ ಬೇರೆ ಉಪಾಯ ಬೇಕು. ಕೇರಂ ಕಾಯಿ ಅಂಚಿಗೆ ಬಡಿದು ವಾಪಸಾಗುವುದನ್ನು ನೋಡಿದ್ದೀರಿ ಅಲ್ವಾ? ಬೆಳಕೂ ಹಾಗೇ, ಬಂದಷ್ಟೇ ಓರೆಯಲ್ಲಿ ಆಚೆ ಚಿಮ್ಮುತ್ತದೆ. ಆ ದಾರಿಯಲ್ಲಿ ಮೊಬೈಲ್ ಇದ್ದರೆ ಬಿಳಿ ಕಲೆ. ಒಂದು ಗೇಣು ಪಕ್ಕಕ್ಕೆ ಸರಿದೆ, ಕೆಂಪು ಬಣ್ಣ ಕೆಂಪಾಗಿಯೇ ಬಂತು.

ಮೊಬೈಲ್ ಸಿದ್ಧ ಮಾಡಿ

ಲೆನ್ಸ್ ಒರೆಸಿ. ಸುಮ್ನೆ ಹೇಳುತ್ತಿಲ್ಲ, ಮಂಜು ಕವಿದ ಹಾಗೆ ಬರುವ ಎಷ್ಟೋ ವಿಡಿಯೊಗಳಿಗೆ ಬೆರಳಿನ ಜಿಡ್ಡೇ ಕಾರಣ. ಟ್ಯೂಬ್‌ಲೈಟ್, ಹಳದಿ ಬಲ್ಬು ಆರಿಸಿ. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ, ಸಂಖ್ಯೆ ಹೆಚ್ಚಿದಷ್ಟೂ ನೀಲಿ: ಹಗಲ ಬೆಳಕು ಸುಮಾರು 5,600 ಕೆಲ್ವಿನ್, ಹಳದಿ ಬಲ್ಬು 3,000ದ ಆಸುಪಾಸು. ಎರಡೂ ಬೆರೆತರೆ ಒಂದು ಕೆನ್ನೆ ನೀಲಿ, ಇನ್ನೊಂದು ಅರಿಶಿನ. ರಾತ್ರಿ ದೀಪ ಹಚ್ಚಲೇಬೇಕಾದರೆ ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಹೀಗೆ ಇಟ್ಟರೆ ಚಿತ್ರ ಮಿನುಗುವುದು ಕಡಿಮೆ.

ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಬಹಳಷ್ಟು ಮೊಬೈಲ್‌ಗಳಲ್ಲಿ ಫೋಕಸ್, ಎಕ್ಸ್‌ಪೋಶರ್ (ಚಿತ್ರದ ಬೆಳಕಿನ ಮಟ್ಟ) ಲಾಕ್ ಆಗುತ್ತವೆ.

ಮೊದಲು ದೂರದಿಂದ ಇಡೀ ಪಡಸಾಲೆ, ಆಮೇಲೆ ಸೊಂಟದಿಂದ ಮೇಲೆ, ಕೊನೆಗೆ ಹುಣಸೆ ಬೀಜದ ಅಂಟು ಸವರುವ ಬೆರಳು. ಬೆರಳಿನ ಶಾಟ್ ಜಾಸ್ತಿ ತೆಗೆದುಕೊಳ್ಳಿ, ಮಾತು ಕತ್ತರಿಸಿದ ಜಾಗ ಮುಚ್ಚಲು ಅವೇ ಗತಿ. ಪ್ರತಿ ಶಾಟ್ 10 ಸೆಕೆಂಡ್ ಅಲುಗದೆ ಹಿಡಿಯಿರಿ. ಅಜ್ಜ ಎಡಕ್ಕೆ ಮುಖ ಮಾಡಿದ್ದರೆ ಎಲ್ಲ ಶಾಟ್‌ನಲ್ಲೂ ಎಡಕ್ಕೇ ಇರಲಿ. ನೀವು ಆಚೆ ಬದಿಗೆ ದಾಟಿದರೆ ನೋಡುವವರಿಗೆ ಗೊಂದಲ.

ಫ್ಯಾನ್ ಬಂದ್

ಕಾಲರ್ ಮೈಕ್ ಬಾಯಿಂದ ಒಂದು ಗೇಣು ಕೆಳಗಿರಲಿ. ಖಾಲಿ ಗೋಡೆಗೆ ದನಿ ಬಡಿದು ಗುಂಯ್‌ಗುಡುತ್ತಿದ್ದರೆ ಎರಡು ಕೌದಿ ತೂಗುಹಾಕಿ. ಏಪ್ರಿಲ್‌ನಲ್ಲಿ ಫ್ಯಾನ್ ಬಂದ್ ಮಾಡಿ ಅನ್ನುವುದು ಪಾಪದ ಮಾತು, ಆದರೂ ಮಾಡಲೇಬೇಕು. ಮೂರು ನಿಮಿಷ ಶೂಟ್, ಐದು ನಿಮಿಷ ಗಾಳಿ.

ಹೊರಡುವ ಮುಂಚೆ ಯಾರೂ ಮಾತಾಡದೆ 30 ಸೆಕೆಂಡ್ ಆ ಮನೆಯ ಸದ್ದನ್ನಷ್ಟೇ ರೆಕಾರ್ಡ್ ಮಾಡಿ. ಎಡಿಟ್ ಮಾಡುವಾಗ ಮಾತಿನ ನಡುವೆ ಹಾಕಲು ಬೇಕಾಗುತ್ತದೆ. ನಮ್ಮ 30 ಸೆಕೆಂಡ್‌ನಲ್ಲಿ ಹಿತ್ತಲ ಆಡು ಒಮ್ಮೆ ಕೂಗಿತು. ತೆಗೆದುಹಾಕಲು ಮನಸ್ಸಾಗಲಿಲ್ಲ.