ಊರಿನ ಕಟ್ಟಡಗಳ ಪ್ರದರ್ಶನ ಮಾಡ್ತೀರಾ? ಗೋಡೆಗೆ ನಕ್ಷೆ ಅಂಟಿಸೋ ಮೊದಲು ಇಷ್ಟು ನೋಡಿ

ಕಟ್ಟಡಗಳ ಬಗ್ಗೆ ಪ್ರದರ್ಶನ ಮಾಡೋದರಲ್ಲಿ ಇರೋ ದೊಡ್ಡ ಫಜೀತಿ ಅಂದ್ರೆ ಅಲ್ಲಿ ಕಟ್ಟಡವೇ ಇರೋದಿಲ್ಲ. ನಕ್ಷೆ, ಫೋಟೋ, ಒಂದು ಪುಟ್ಟ ಮಾದರಿ, ಇಷ್ಟೇ. ಆರ್ಕಿಟೆಕ್ಟುಗಳಿಗೆ ಇದು ಸಾಕು, ನಕ್ಷೆ ನೋಡಿದ ತಕ್ಷಣ ಅವರ ತಲೆಯಲ್ಲಿ ಕಟ್ಟಡ ಎದ್ದು ನಿಲ್ಲುತ್ತೆ. ಉಳಿದವರಿಗೆ ಗೆರೆ ಕಾಣುತ್ತೆ. ಹಾಗಾಗಿ ಅವರು ಒಂದು ಸುತ್ತು ಹಾಕಿ, ಮಾದರಿ ಮುಂದೆ ಸೆಲ್ಫಿ ತಗೊಂಡು ಹೊರಡ್ತಾರೆ. ತಪ್ಪು ಅವರದ್ದಲ್ಲ.

ನಿಮ್ಮ ಊರಿನ ತೊಟ್ಟಿ ಮನೆಗಳದ್ದೋ, ಹಳೇ ಟಾಕೀಸಿನದ್ದೋ, ಛತ್ರದ್ದೋ ಪ್ರದರ್ಶನ ಮಾಡೋ ಯೋಚನೆ ಇದ್ದರೆ ನನ್ನ ಮಾತು ಒಂದೇ. ಬಂದವರು ಕಟ್ಟಡವನ್ನು ತಮ್ಮ ಮೈಯಿಂದಲೇ ಅಳೆಯುವ ಹಾಗೆ ಮಾಡಿ.

ನೆಲದಿಂದ ಶುರು ಮಾಡಿ. ಇಪ್ಪತ್ತು ಮನೆ ತೋರಿಸೋ ಆಸೆ ಬಿಟ್ಟು ಒಂದೇ ಒಂದು ಮನೆ ಆರಿಸಿಕೊಳ್ಳಿ, ಟೇಪ್ ಹಿಡಿದು ಸರಿಯಾಗಿ ಅಳತೆ ತಗೊಳ್ಳಿ, ಆಮೇಲೆ ಅದರ ನಕ್ಷೆಯನ್ನು ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ ನಿಜವಾದ ಅಳತೆಯಲ್ಲೇ ಹಾಕಿ. ಪಾಯ ತೋಡೋ ಮೊದಲು ಮೇಸ್ತ್ರಿ ಮಾರ್ಕಿಂಗ್ ಹಾಕ್ತಾರಲ್ಲ, ಅದೇ ಕೆಲಸ. ಮಾರ್ಕಿಂಗ್ ಓದೋಕೆ ಯಾರಿಗೂ ಕಲಿಸಬೇಕಾಗಿಲ್ಲ, ಮನೆ ಕಟ್ಟಿಸಿದವರೆಲ್ಲ ಅದರೊಳಗೆ ಓಡಾಡಿ 'ಇದು ಹಾಲು, ಇದು ಬೆಡ್‌ರೂಮು' ಅಂದವರೇ. ಜಗಲಿ, ಪಡಸಾಲೆ, ತೊಟ್ಟಿ, ಅಡುಗೆಮನೆ, ದೇವರಮನೆ, ಬಚ್ಚಲು, ಎಲ್ಲದರ ಹೆಸರನ್ನೂ ನೆಲದ ಮೇಲೇ ಬರೆಯಿರಿ. ಗೋಡೆಗೆ ಒಂದೇ ಗೆರೆ ಎಳೆಯಬೇಡಿ, ದಪ್ಪ ಎಷ್ಟಿದೆಯೋ ಅಷ್ಟಕ್ಕೆ ಎರಡು ಗೆರೆ ಎಳೆಯಿರಿ. ಎರಡು ಅಡಿ ದಪ್ಪದ ಮಣ್ಣಿನ ಗೋಡೆಯ ಪಕ್ಕದಲ್ಲೇ ಇವತ್ತಿನ 6 ಇಂಚಿನ ಬ್ಲಾಕ್ ಗೋಡೆಯನ್ನೂ ಗುರುತು ಮಾಡಿದರೆ, ಹಳೇ ಮನೆ ಬೇಸಿಗೆಯಲ್ಲಿ ಯಾಕೆ ತಂಪಾಗಿರುತ್ತೆ ಅಂತ ಅರ್ಧ ಪುಟ ಬರೆಯೋದು ತಪ್ಪುತ್ತೆ. ಬಾಗಿಲು ಇರೋ ಜಾಗದಲ್ಲಿ ಮರದ ಪಟ್ಟಿಯಿಂದ ಒಂದು ಚೌಕಟ್ಟು ನಿಲ್ಲಿಸಿ, ಎತ್ತರ ನಿಜವಾದದ್ದೇ ಇರಲಿ. ತಲೆ ಬಗ್ಗಿಸಿಕೊಂಡು ಒಳಗೆ ಹೋಗಬೇಕಾದರೆ ಹೋಗಲಿ, ನೆತ್ತಿಗೆ ತಾಗದ ಹಾಗೆ ಮೇಲಿನ ಪಟ್ಟಿಗೆ ಸ್ವಲ್ಪ ಬಟ್ಟೆ ಸುತ್ತಿ ಅಷ್ಟೇ.

ಇನ್ನೊಂದು, ಒಂದು ಬುಟ್ಟಿ ಸೀಮೆಸುಣ್ಣ ಇಡಿ. ಅಂಥ ಮನೆಯಲ್ಲಿ ಬೆಳೆದ ಅಜ್ಜಿಯರು ಬಂದರೆ ಸುಮ್ನೆ ನೋಡಿಕೊಂಡು ಹೋಗೋದಿಲ್ಲ, ಒರಳುಕಲ್ಲು ಎಲ್ಲಿತ್ತು, ಹಂಡೆ ಯಾವ ಮೂಲೆಯಲ್ಲಿ, ಬಾಣಂತಿ ಕೋಣೆ ಯಾವುದು ಅಂತ ನಿಮ್ಮನ್ನೇ ತಿದ್ದುತ್ತಾರೆ. ಅವರಿಂದಲೇ ಬರೆಸಿ. ಇದು ಯಾವ ಆರ್ಕಿಟೆಕ್ಟಿನ ನಕ್ಷೆಯಲ್ಲೂ ಸಿಗೋ ಮಾಹಿತಿ ಅಲ್ಲ.

ನಿಜ ಅಳತೆಯ ಈ ಉಪಾಯ ದೊಡ್ಡವರೂ ಮಾಡಿದ್ದಾರೆ. 1980ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಅನ್ನೋ ದೊಡ್ಡ ಕಲಾಮೇಳದ ಮೊದಲ ವಾಸ್ತುಶಿಲ್ಪ ಪ್ರದರ್ಶನ ನಡೆದಾಗ, ಹಿಂದೆ ಹಡಗಿನ ಹಗ್ಗ ಹೊಸೆಯುತ್ತಿದ್ದ ಉದ್ದನೆಯ ಕಟ್ಟಡದೊಳಗೆ ಒಂದು ಬೀದಿಯನ್ನೇ ಕಟ್ಟಿದರು. ಎರಡೂ ಕಡೆ ಸೇರಿ 20 ಮುಂಭಾಗಗಳು, ಒಂದೊಂದೂ ಬೇರೆ ಬೇರೆ ಆರ್ಕಿಟೆಕ್ಟುಗಳದ್ದು. ಕಟ್ಟಿದವರು ರೋಮಿನ ಚಿನೆಚಿಟ್ಟಾ ಸ್ಟುಡಿಯೋದ ಸಿನಿಮಾ ಸೆಟ್ ಕೆಲಸಗಾರರು. ಇದರಲ್ಲಿ ನಮಗೊಂದು ಸುಳಿವಿದೆ. ನಿಮಗೆ ಇಂಟೀರಿಯರ್ ಕಂಪನಿ ಬೇಕಾಗಿಲ್ಲ. ಗಣೇಶನ ಹಬ್ಬಕ್ಕೆ ಮಂಟಪ ಕಟ್ಟುವವರು, ನಾಟಕಕ್ಕೆ ಪರದೆ ಬರೆಯುವವರು ಊರಲ್ಲೇ ಇರುತ್ತಾರೆ. ಬಿದಿರು, ಬಟ್ಟೆ, ಬಣ್ಣ ಕೊಟ್ಟರೆ ಒಂದು ಪಡಸಾಲೆಯನ್ನು ಎಬ್ಬಿಸಿ ನಿಲ್ಲಿಸುತ್ತಾರೆ, ಬಾಡಿಗೆ ಸಾಮಾನನ್ನು ವಾಪಸ್ಸೂ ಒಯ್ಯುತ್ತಾರೆ.

ನಿಜವಾದ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿದ್ದನ್ನು ನೋಡಬೇಕಾದರೆ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋಗಿ, ಇಲ್ಲಾಂದ್ರೆ ಚೆನ್ನೈ ಹತ್ತಿರ ಮುಟ್ಟುಕಾಡಿನ ದಕ್ಷಿಣಚಿತ್ರಕ್ಕೆ. ದಕ್ಷಿಣಚಿತ್ರದಲ್ಲಿ ಇಳಕಲ್‌ನ ನೇಕಾರರ ಮನೆಯೂ ಇದೆ. ಅದು ನಮ್ಮ ನಿಮ್ಮ ಬಜೆಟ್ಟಿನ ಕೆಲಸ ಅಲ್ಲ, ಒಪ್ಪಿದೆ. ಆದರೆ ಬಂದ ಜನ ಎಲ್ಲಿ ಕೂರುತ್ತಾರೆ, ಯಾವುದನ್ನು ಮುಟ್ಟುತ್ತಾರೆ, ಯಾವ ಬೋರ್ಡು ಓದದೆ ಮುಂದೆ ಹೋಗುತ್ತಾರೆ ಅಂತ ಒಂದು ಗಂಟೆ ಗಮನಿಸಿ.

ಮಾದರಿ ಮಾಡಿಸೋ ಮೊದಲು ಲೆಕ್ಕ ಹಾಕಿ. ಉದಾಹರಣೆಗೆ ವಿಧಾನಸೌಧ, 700 ಅಡಿ ಉದ್ದ, 350 ಅಡಿ ಅಗಲ. 1:50ರಲ್ಲಿ, ಅಂದ್ರೆ ಐವತ್ತು ಅಡಿಯನ್ನು ಒಂದು ಅಡಿಗೆ ಇಳಿಸಿ ಮಾಡಿದರೆ 14 ಅಡಿ ಉದ್ದ, 7 ಅಡಿ ಅಗಲ ಆಗುತ್ತೆ, ಬಾಗಿಲಲ್ಲಿ ಹಿಡಿಸೋದಿಲ್ಲ. 1:200ರಲ್ಲಿ ಮೂರೂವರೆ ಅಡಿಗೆ ಇಳಿಯುತ್ತೆ, ಟೇಬಲ್ ಮೇಲೆ ಕೂರುತ್ತೆ, ಆದರೆ ಮೆಟ್ಟಿಲ ಮೇಲೆ ನಿಂತ ಮನುಷ್ಯ ಅಕ್ಕಿಕಾಳಿನಷ್ಟಾಗುತ್ತಾನೆ. ಆದರೂ ಮನುಷ್ಯರನ್ನು ಬಿಡಬೇಡಿ, ಅವರಿಲ್ಲದೆ ಅದು ಬರೀ ಕೇಕು. ಟೇಬಲ್ ಎರಡೂವರೆ ಅಡಿಗಿಂತ ಎತ್ತರ ಬೇಡ. ಮಕ್ಕಳಿಗೆ, ವೀಲ್‌ಚೇರಿನಲ್ಲಿ ಬಂದವರಿಗೆ ಮಾದರಿ ಕಾಣಬೇಕು, ಅದರ ಅಡಿಯ ಹಲಗೆಯಲ್ಲ.

ಅಳತೆ ಹೇಳುವಾಗ ಚದರ ಮೀಟರ್ ಬಿಟ್ಟುಬಿಡಿ. ನಮ್ಮ ಜನ ಜಾಗ ಲೆಕ್ಕ ಹಾಕೋದು ಸೈಟಿನಲ್ಲಿ, ಚದರದಲ್ಲಿ. 'ವಿಧಾನಸೌಧ ನಿಂತಿರೋ ಅಷ್ಟು ಜಾಗದಲ್ಲಿ 30x40 ಅಡಿಯ ಸೈಟು ಇನ್ನೂರಕ್ಕೂ ಜಾಸ್ತಿ ಹಿಡಿಸುತ್ತವೆ' ಅಂತ ಬರೆದರೆ ಯಾರಿಗೆ ಅರ್ಥ ಆಗಲ್ಲ ಹೇಳಿ? ಬರಹ ಕನ್ನಡದಲ್ಲಿ ಮೊದಲು ಬರಲಿ, ಒಂದು ಬೋರ್ಡಿಗೆ ಐವತ್ತು ಪದ ಮೀರದಿರಲಿ. ಕಟ್ಟಿದ ಮೇಸ್ತ್ರಿ, ಬಡಗಿಯರ ಹೆಸರು ಊರಲ್ಲಿ ಯಾರಿಗಾದರೂ ನೆನಪಿದ್ದರೆ ಮಾಲೀಕರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ.

ಹಳೇ ನಕ್ಷೆ ಸಿಕ್ಕರೆ ಅದೃಷ್ಟ. ಆದರೆ ಅದರ ಮೂಲೆಯಲ್ಲಿ '1 ಇಂಚಿಗೆ 8 ಅಡಿ' ಅಂತ ಬರೆದಿರುತ್ತೆ, ನೀವು ಅದನ್ನು ದೊಡ್ಡದು ಮಾಡಿ ಪ್ರಿಂಟ್ ಹಾಕಿದ ಕ್ಷಣ ಆ ಮಾತು ಸುಳ್ಳಾಗುತ್ತೆ. ಇಷ್ಟು ಉದ್ದ ಅಂದ್ರೆ ಇಷ್ಟು ಅಡಿ ಅಂತ ತೋರಿಸೋ ಅಳತೆಪಟ್ಟಿಯೊಂದನ್ನು ಬೇರೆ ಚೀಟಿಯಲ್ಲಿ ಎಳೆದು, ನಕ್ಷೆಯ ಮೇಲಿಟ್ಟು ಸ್ಕ್ಯಾನ್ ಮಾಡಿ, ಹಿಗ್ಗಿದರೂ ಕುಗ್ಗಿದರೂ ಅದು ಜೊತೆಗೇ ಬರುತ್ತೆ. ಮೂಲ ಪ್ರತಿಯ ಮೇಲೆ ಗೀಚಬೇಡಿ ಮತ್ತೆ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟರೂ ಸಾಕು. ನೀಲಿ ಬಣ್ಣದ ಬ್ಲೂಪ್ರಿಂಟ್ ಬೆಳಕಿಗೆ ಮಾಸುತ್ತೆ, ಅದನ್ನು ಒಳಗಿಟ್ಟು ಪ್ರತಿಯನ್ನು ತೋರಿಸಿ.

ಎಲ್ಲದಕ್ಕಿಂತ ಸೂಕ್ಷ್ಮದ ವಿಷಯ ಮನೆಯವರದ್ದು. ಫೋಟೋ ತೆಗೆಯೋಕೆ ಹೋದರೆ ಕಾಫಿ ಕೊಡ್ತಾರೆ, ಖುಷಿಯಿಂದ ಅಟ್ಟ ಹತ್ತಿಸಿ ತೋರಿಸ್ತಾರೆ, ಆದರೆ ಪ್ರದರ್ಶನ ಅಂದ ಕೂಡಲೇ ಹಿಂಜರಿಯುತ್ತಾರೆ. 'ಹೆರಿಟೇಜ್ ಅಂತ ಬೋರ್ಡು ಹೊಡೆದು ನಾಳೆ ಮಾರೋಕೆ ಬಿಡದಿದ್ದರೆ?' ಅನ್ನೋ ಭಯ ಒಂದು, ಅಣ್ಣತಮ್ಮಂದಿರ ಪಾಲಿನ ತಕರಾರು ಇನ್ನೊಂದು. ಬಾಯಿಮಾತಿಗೆ ನಿಲ್ಲಿಸದೆ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ, ಬೋರ್ಡುಗಳನ್ನು ಮೊದಲು ಅವರಿಗೇ ತೋರಿಸಿ. ಕೆತ್ತನೆಯ ಕಂಬ, ಬಾಗಿಲಿರೋ ಮನೆಯ ವಿಳಾಸ ಹಾಕಲೇಬೇಡಿ. ಹಳೇ ಸಾಮಾನು ಕೊಳ್ಳುವವರು ಮಾರನೇ ದಿನವೇ ಬಾಗಿಲು ತಟ್ಟುತ್ತಾರೆ, ಅವರಿಗೆ ಕ್ಯಾಟಲಾಗ್ ಮಾಡಿಕೊಡೋದು ನಿಮ್ಮ ಕೆಲಸ ಅಲ್ವಲ್ಲ.

ಮಳೆಗಾಲದಲ್ಲಿ ಇಟ್ಟುಕೊಳ್ಳಬೇಡಿ, ಕಾರ್ಡ್‌ಬೋರ್ಡ್ ಸೊಟ್ಟಗಾಗುತ್ತೆ, ಮೈದಾನದ ಸುಣ್ಣದ ಮನೆ ಒಂದೇ ರಾತ್ರಿಗೆ ಕೊಚ್ಚಿಹೋಗುತ್ತೆ. ಜಾತ್ರೆಗೆ ಒಂದೆರಡು ದಿನ ಮೊದಲು ತೆರೆದರೆ ಪರವೂರಲ್ಲಿ ಇರುವವರೂ ಸಿಗುತ್ತಾರೆ. ಮುಗಿದ ಮೇಲೆ ಬೋರ್ಡುಗಳನ್ನು ಆಯಾ ಮನೆಯವರಿಗೇ ಕೊಡಿ. ಮಾದರಿಯನ್ನು ಶಾಲೆಗೆ ಕೊಡೋದಾದರೆ ಗಾಜಿನ ಪೆಟ್ಟಿಗೆ ಸಮೇತ ಕೊಡಿ, ಇಲ್ಲದಿದ್ದರೆ ಅಂಟಿನ ಆಸೆಗೆ ಜಿರಳೆ ಸೇರಿಕೊಳ್ಳುತ್ತೆ.