ಮೊದಲು ಟಿ.ಸಿ., ಆಮೇಲೆ ಕೋರ್ಸು: ಪುಣೆಯ ಬಸ್ತಿಗಳಲ್ಲಿ ನಮ್ಮ ಕೆಲಸದ ಕ್ರಮ

ಪುಣೆಯ ಬಸ್ತಿಗಳಲ್ಲಿ, ಅಂದರೆ ಕೊಳೆಗೇರಿಗಳಲ್ಲಿ, ಕಲಬುರಗಿ, ಯಾದಗಿರಿ, ವಿಜಯಪುರದಿಂದ ದುಡಿಯಲು ಬಂದವರ ಮನೆಗಳು ಬಹಳ. ಶಾಲೆ ಬಿಟ್ಟು, ಕೆಲಸವೂ ನೆಟ್ಟಗಿಲ್ಲದೆ ಕೂತ ಹುಡುಗರು ಸಿಕ್ಕರೆ 'ನಿನಗೆ ಯಾವುದರಲ್ಲಿ ಆಸಕ್ತಿ?' ಎಂದು ಕೇಳುವುದು ರೂಢಿ. ಅವರನ್ನು ಮತ್ತೆ ಓದಿಗೆ, ಕೆಲಸದ ತರಬೇತಿಗೆ ಹಚ್ಚುವ ನಾವು ಕೇಳುವುದು 'ಟಿ.ಸಿ. ಎಲ್ಲಿದೆ?' ಅಂತ. ಟಿ.ಸಿ. ಅಂದರೆ ಶಾಲೆ ಬಿಟ್ಟಾಗ ಕೊಡುವ ವರ್ಗಾವಣೆ ಪತ್ರ. ಕಾಗದ ಇಲ್ಲದೆ ಆಸೆ ಹುಟ್ಟಿಸಿದರೆ, ಅರ್ಜಿ ವಾಪಸ್ ಬಂದ ದಿನವೇ ಹುಡುಗ ಕೈತಪ್ಪುತ್ತಾನೆ.

ಊರ ಶಾಲೆಯ ಮುಖ್ಯಗುರುಗಳಿಗೆ ಬರೀ 'ಟಿ.ಸಿ. ಕೊಡಿ' ಎಂದು ಬರೆದರೆ ಹಳೇ ದಾಖಲಾತಿ ವಹಿಯನ್ನು ಯಾರೂ ಕೆಳಗಿಳಿಸುವುದಿಲ್ಲ. ಶಾಲೆಯಲ್ಲಿ ಬರೆಸಿದ ಹೆಸರು, ತಂದೆಯ ಹೆಸರು, ಯಾವ ವರ್ಷ ಎಷ್ಟನೆಯ ತರಗತಿಯಲ್ಲಿ ಬಿಟ್ಟದ್ದು, ಜೊತೆಗೆ ಕೂರುತ್ತಿದ್ದ ಒಬ್ಬರ ಹೆಸರು, ಸಿಕ್ಕರೆ ಎಸ್‌ಎಟಿಎಸ್ ಸಂಖ್ಯೆ (ಕರ್ನಾಟಕದ ಶಾಲಾ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ), ಇಷ್ಟೂ ಅರ್ಜಿಯಲ್ಲಿರಲಿ. ಟಿ.ಸಿ. ಕೈಗೆ ಬಂದಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೇಲುರುಜು ಹಾಕಿಸಿಕೊಂಡೇ ಬಸ್ ಹತ್ತಬೇಕು. ಬೇರೆ ರಾಜ್ಯದ ಶಾಲೆ ಅದನ್ನು ಕೇಳುತ್ತದೆ, ಇನ್ನೊಮ್ಮೆ ಹೋಗುವುದೆಂದರೆ ಮತ್ತೆ ಕೂಲಿ ಖೋತಾ. ಮದುವೆ, ಜಾತ್ರೆ ಅಂತ ಜನ ಊರಿಗೆ ಹೋಗುವುದು ಏಪ್ರಿಲ್-ಮೇಯಲ್ಲಿ, ಶಾಲೆಗೆ ಆಗ ಬೀಗ. ಜೂನಿನಲ್ಲಿ ಬಿತ್ತನೆಗೆ ಹೋಗುವವರ ಕೈಗೆ ಅರ್ಜಿ ಕೊಟ್ಟರೆ ಕೆಲಸ ಆಗುತ್ತದೆ.

ಟಿ.ಸಿ.ಯಲ್ಲಿ 'ಭೀಮಾಶಂಕರ', ಆಧಾರ್‌ನಲ್ಲಿ 'ಭೀಮ್ಯಾ'. ಇದು ದಿನಬೆಳಗಾದರೆ ಕಾಣುವ ತೊಡಕು. ಆಧಾರ್‌ನಲ್ಲಿ ಹೆಸರನ್ನು ಎರಡೇ ಸಲ, ಜನ್ಮದಿನಾಂಕವನ್ನು ಒಂದೇ ಸಲ ತಿದ್ದಿಸಲು ಅವಕಾಶ. ಟಿ.ಸಿ. ಬರುವ ಮುಂಚೆ ಆಧಾರ್ ತಿದ್ದಿಸಲು ಓಡಿದವರು ಆ ಅವಕಾಶವನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ.

ಓದಿಗೆ ದಾರಿ ಎರಡು. ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಮಂಡಳಿಯ 17ನೇ ನಂಬರ್ ಫಾರ್ಮು ತುಂಬಿ ಖಾಸಗಿಯಾಗಿ ಹತ್ತನೆಯದಕ್ಕೆ ಕೂರಬಹುದು. ಐದನೆಯದು ಪಾಸಾಗಿರಬೇಕು, 14 ತುಂಬಿರಬೇಕು, ಶಾಲೆ ಬಿಟ್ಟ ದಾಖಲೆ ಬೇಕು. ಟಿ.ಸಿ. ಸಿಗುವುದೇ ಇಲ್ಲವೆಂದಾದರೆ ಎನ್‌ಐಒಎಸ್, ಅಂದರೆ ಕೇಂದ್ರ ಸರ್ಕಾರದ ಮುಕ್ತ ಶಾಲೆ. ಅಲ್ಲಿ ಹತ್ತನೆಯದಕ್ಕೆ ವಯಸ್ಸಿನ ಪುರಾವೆಯೂ, ಈ ಮಟ್ಟದ ಓದು ನನ್ನಿಂದ ಆಗುತ್ತದೆಂಬ ಸ್ವಯಂ ಘೋಷಣೆಯೂ ಸಾಕು. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆರಡು ಸಲ, ಐದು ವರ್ಷದಲ್ಲಿ 9 ಅವಕಾಶ, ಪಾಸಾದ ವಿಷಯ ಪಾಸಾದ ಹಾಗೇ ಉಳಿಯುತ್ತದೆ. ಸೆಂಟ್ರಿಂಗ್ ಕೆಲಸಕ್ಕೆ ಹೋಗುವವನಿಗೆ ನಾವು ಒಂದು ಸಲಕ್ಕೆ ಎರಡೇ ವಿಷಯ ಕಟ್ಟಿಸುತ್ತೇವೆ. ಐದನ್ನೂ ಒಟ್ಟಿಗೆ ಕಟ್ಟಿಸಿದರೆ ಐದರಲ್ಲೂ ಕೂತು ಏಳುವುದಷ್ಟೇ.

ಐಟಿಐ ಬೇಕೆಂದರೆ ವೆಲ್ಡರ್, ವೈರ್‌ಮನ್‌ನಂಥ ಟ್ರೇಡಿಗೆ ಎಂಟನೆಯದು ಸಾಕು, ಫಿಟ್ಟರ್, ಎಲೆಕ್ಟ್ರಿಷಿಯನ್‌ಗೆ ಹತ್ತು ಬೇಕು. ಇಲ್ಲಿ ಕಾಲು ಸಿಕ್ಕಿಕೊಳ್ಳುವುದು ಡೊಮಿಸೈಲಿನಲ್ಲಿ, ಅಂದರೆ ಈ ರಾಜ್ಯದ ನಿವಾಸಿ ಎಂಬ ಪ್ರಮಾಣಪತ್ರದಲ್ಲಿ: ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಿದ್ದ ಪುರಾವೆ ಕೇಳುತ್ತಾರೆ. ಬಾಡಿಗೆ ಖೋಲಿಯಲ್ಲಿರುವವರಿಗೆ ಅದೆಲ್ಲಿಂದ ಬರಬೇಕು? ಮಕ್ಕಳು ಇಲ್ಲಿಯ ಶಾಲೆಯಲ್ಲಿ ಓದಿದ ವರ್ಷಗಳ ದಾಖಲೆ, ಹಳೇ ಲೈಟ್ ಬಿಲ್ಲು, ರೇಷನ್ ಕಾರ್ಡು, ಸಿಕ್ಕಿದ್ದನ್ನೆಲ್ಲ ಒಂದೇ ಫೈಲಿಗೆ ಸೇರಿಸಿಡುತ್ತೇವೆ. ಜಾತಿ ಪ್ರಮಾಣಪತ್ರದ ಬಗ್ಗೆಯೂ ಮೊದಲೇ ಬಿಡಿಸಿ ಹೇಳಬೇಕು. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಇಲ್ಲಿ ವಿಮುಕ್ತ ಜಾತಿ. ಅಲ್ಲಿಯ ಪ್ರಮಾಣಪತ್ರ ಹಿಡಿದು ಬಂದವರಿಗೆ ಇಲ್ಲಿ ಮೀಸಲಾತಿ ಸಿಗುವುದಿಲ್ಲ.

ಇನ್ನು ಕಂಪನಿಗೆ ಅಪ್ರೆಂಟಿಸ್ ಆಗಿ, ಅಂದರೆ ದುಡಿಯುತ್ತ ಕಲಿಯಲು, ಸೇರುವವರ ಪಗಾರದ ಮಾತು. ಹುಡುಗರು ಬಿಟ್ಟುಹೋಗುವುದು ಹೆಚ್ಚಾಗಿ ಇಲ್ಲೇ, ಪಾಠದಲ್ಲಲ್ಲ. 2019ರ ಅಪ್ರೆಂಟಿಸ್ ನಿಯಮದ ಪ್ರಕಾರ 5ರಿಂದ 9ನೇ ತರಗತಿ ಓದಿದವರಿಗೆ ತಿಂಗಳಿಗೆ ಕನಿಷ್ಠ 5000, ಹತ್ತು ಪಾಸಾದವರಿಗೆ 6000, ಐಟಿಐ ಆದವರಿಗೆ 7000 ರೂಪಾಯಿ ಎಂದು ನಿಗದಿಯಾಗಿತ್ತು. ಮುಕಾದಮನ (ಕೂಲಿಗೆ ಜನ ಕರೆದೊಯ್ಯುವ ಮೇಸ್ತ್ರಿಯ) ಹತ್ತಿರ ಹುಡುಗನಿಗೆ ವಾರಕ್ಕೊಮ್ಮೆ ಖರ್ಚಿ, ಅಂದರೆ ಕೈಖರ್ಚಿನ ಹಣ, ಸಿಗುತ್ತಿತ್ತು. ಕಂಪನಿಯಲ್ಲಿ ಹಣ ಬರುವುದು ಮುಂದಿನ ತಿಂಗಳು. ತಿಂಗಳ ಮೊದಲಿಗೇ ಸೇರಿದರೆ ನಡುವೆ ಹೆಚ್ಚುಕಡಿಮೆ ನಲವತ್ತು ದಿನ ಕೈ ಖಾಲಿ. ಆ ಅವಧಿಯ ಬಸ್ ಪಾಸು, ಮಧ್ಯಾಹ್ನದ ಊಟದ ಖರ್ಚನ್ನು ತಾಯಿಯ ಬಚತ್ ಗಟ್‌ನಿಂದ (ಮಹಿಳೆಯರ ಉಳಿತಾಯ ಸಂಘದಿಂದ) ಕೈಗಡ ತೆಗೆಸಿ, ಮೂರು ಕಂತಿನಲ್ಲಿ ತೀರಿಸುವ ಮಾತನ್ನು ಸೇರುವ ಮೊದಲೇ ಮುಗಿಸುತ್ತೇವೆ. ಬ್ಯಾಂಕ್ ಖಾತೆ ಅವನ ಹೆಸರಿನಲ್ಲೇ ಇರಬೇಕು. ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಪಗಾರದಲ್ಲಿ ಸರ್ಕಾರ ಕೊಡುವ ಪಾಲು ಅಲ್ಲಿಗೇ ಹೋಗುತ್ತದೆ. ಊರಿನ ಗ್ರಾಮೀಣ ಬ್ಯಾಂಕಿನ ಖಾತೆಗೆ ಹೋಗಿ ಬಿದ್ದ ಹಣಕ್ಕಾಗಿ ಇಲ್ಲಿ ಕಂಪನಿಯವರ ಜೊತೆ ಜಗಳಾಡಿದವರಿದ್ದಾರೆ. 18 ತುಂಬದವರ ಕರಾರಿಗೆ ಪೋಷಕರ ಸಹಿ ಬೇಕು, ಸಹಿ ಹಾಕುವ ದಿನ ಅಪ್ಪ ಕೆಲಸಕ್ಕೆ ಹೋಗದಂತೆ ಹಿಂದಿನ ಸಂಜೆಯೇ ಹೇಳಿಡಬೇಕು.

ಹುಡುಗಿಯರ ಲೆಕ್ಕವೇ ಬೇರೆ. ಬೆಳಗ್ಗೆ ನೀರು, ಅಡುಗೆ, ತಮ್ಮ-ತಂಗಿಯರು. ಸಂಜೆ ಹೊರಗೆ ಕಳಿಸುವುದಿಲ್ಲ. ತರಗತಿ ಮಧ್ಯಾಹ್ನ ಎರಡರಿಂದ ನಾಲ್ಕು, ಅದೂ ಬಸ್ತಿಯ ಒಳಗೇ, ಕೂಸನ್ನು ಎತ್ತಿಕೊಂಡು ಬಂದರೂ ಕೂರಿಸಿಕೊಳ್ಳಬೇಕು. ಸತತ ಎರಡು ದಿನ ಬಾರದಿದ್ದರೆ ಮೂರನೆಯ ದಿನ ಮನೆಗೆ ಹೋಗಿ ತಾಯಿಯನ್ನು ವಿಚಾರಿಸುತ್ತೇವೆ. ಊರಿಗೆ ಕಳಿಸಿದ್ದೇವೆ ಎಂಬ ಉತ್ತರ ಬಂದು, ಹುಡುಗಿಗೆ 18 ಆಗಿಲ್ಲದಿದ್ದರೆ, ಮದುವೆಯ ಮಾತು ನಡೆದಿದೆಯೇ ಎಂದು ಅದೇ ದಿನ ಪತ್ತೆ ಮಾಡಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹಚ್ಚುತ್ತೇವೆ.