ಕಾರ್ಕಳದ ಮದುವೆಗೆ ಬಂದ ನೆಂಟರಿಗೆ ನಾನು ಮಾಡಿದ ಊರಿನ ಗೈಡ್

ತಂಗಿ ಮದುವೆ ನಮ್ಮ ಊರು ಕಾರ್ಕಳದಲ್ಲೇ ಅಂತ ನಿಶ್ಚಯ ಆದ್ಮೇಲೆ ಹಾಲ್, ಅಡುಗೆಯವರು, ವಾಲಗದವರು ಇದೆಲ್ಲ ಅಪ್ಪ ಮತ್ತು ಸೋದರಮಾವ ನೋಡ್ಕೊಂಡ್ರು, ನನ್ನ ಪಾಲಿಗೆ ಬಂದದ್ದು ದೂರದ ನೆಂಟರು. ಗಂಡಿನ ಕಡೆಯವರು ಧಾರವಾಡದವರು, ತಂಗಿಯ ಆಫೀಸಿನವರು ಬೆಂಗಳೂರಿಂದ, ಇವರಲ್ಲಿ ಹೆಚ್ಚಿನವರು ಕರಾವಳಿ ಕಡೆ ಬಂದದ್ದೇ ಇಲ್ಲ, ಬಂದಿದ್ರೂ ಧರ್ಮಸ್ಥಳ ಉಡುಪಿ ಮಾಡಿ ಹೋದವರು. ಎಲ್ರದ್ದೂ ಒಂದೇ ಪ್ರಶ್ನೆ, "ಅಲ್ಲಿ ನೋಡ್ಲಿಕ್ಕೆ ಏನೇನಿದೆ?" ಒಬ್ಬೊಬ್ಬರಿಗೆ ಫೋನಲ್ಲಿ ಹೇಳಿ ಸಾಕಾಗಿ ಕೊನೆಗೆ ಕೂತು ಒಂದು ವಾಟ್ಸಾಪ್ ಮೆಸೇಜ್ ಬರೆದೆ, ಅದು ಚೆನ್ನಾಗಿ ಕೆಲಸಕ್ಕೆ ಬಂತು. ಆಮೇಲೆ ಇಬ್ರು ಕಸಿನ್ಸ್ ಅವರ ಮನೆ ಮದುವೆಗೂ ಅದನ್ನೇ ಕೇಳಿ ತಗೊಂಡ್ರು, ಹಾಗಾಗಿ ಹೇಗೆ ಮಾಡಿದೆ ಅಂತ ಇಲ್ಲಿ ಬರೀತಿದ್ದೇನೆ.

ಮುಖ್ಯ ವಿಷಯ ಏನಂದ್ರೆ ಮದುವೆಗೆ ಬಂದವರು ಟೂರಿಗೆ ಬಂದವರ ಹಾಗೆ ಇರೋದಿಲ್ಲ. ಅವರ ಕೈಯಲ್ಲಿ ಇರೋದು ನಡುನಡುವೆ ಸಿಗುವ ಪುರುಸೊತ್ತು ಮಾತ್ರ, ಬಸ್ಸಿಳಿದ ಮೇಲೆ ತಿಂಡಿಗೆ ಮುಂಚೆ ಒಂದು ಗಂಟೆ, ಮದುವೆ ಊಟ ಮುಗಿದ ಮೇಲೆ ಸಂಜೆ ತನಕ, ಮರುದಿನ ರಾತ್ರಿ ಬಸ್ಸಿನವರೆಗೆ. ಅದಕ್ಕೇ ನಾನು ಜಾಗಗಳ ಲಿಸ್ಟ್ ಕೊಡ್ಲಿಲ್ಲ, "ಒಂದು ಗಂಟೆ ಉಂಟಾ? ಅರ್ಧ ದಿನ ಉಂಟಾ? ಇಡೀ ದಿನ ಉಂಟಾ?" ಅಂತ ಮೂರು ಭಾಗ ಮಾಡಿದೆ. ಪ್ರತಿ ಜಾಗದ ಮುಂದೆ ಮೆಟ್ಟಿಲು ಎಷ್ಟು ಕಷ್ಟ, ಚಪ್ಪಲಿ ಬಿಡ್ಬೇಕಾ, ರೇಷ್ಮೆ ಸೀರೆಯಲ್ಲೇ ಹೋಗ್ಬಹುದಾ ಅಂತ ಬರೆದೆ. ಇದನ್ನು ಗೂಗಲ್ ಹೇಳೋದಿಲ್ಲ ನೋಡಿ. ಅಮ್ಮನಿಗೆ ಮೊಣಕಾಲು ನೋವು, ಅವಳನ್ನೇ ಕರ್ಕೊಂಡು ಒಂದು ಸುತ್ತು ಹೋಗಿ ಬಂದೆ, ಅವಳು "ಇಲ್ಲಿ ನಿಮ್ಮ ಅತ್ತೆಗೆ ಆಗ್ಲಿಕ್ಕಿಲ್ಲ" ಅಂದದ್ದನ್ನೆಲ್ಲ ಹಾಗೇ ಸೇರಿಸಿದೆ.

ಒಂದು ಗಂಟೆಯವರಿಗೆ ನಾನು ಮೊದಲು ಹೇಳಿದ್ದು ಆನೆಕೆರೆ. ಪೇಟೆಗೆ ಹತ್ತಿರ, ಕೆರೆಯ ನಡುವೆ ಬಸದಿ, ಬೆಳಿಗ್ಗೆ ಬಿಸಿಲು ಏರೋದಕ್ಕೆ ಮುಂಚೆ ದಡದಲ್ಲಿ ಒಂದು ರೌಂಡ್ ನಡೆದ್ರೆ ಬಸ್ ಪ್ರಯಾಣದ ಸುಸ್ತು ಇಳೀತದೆ. ವಯಸ್ಸಾದವರಿಗೂ ತೊಂದರೆ ಇಲ್ಲ. ಇನ್ನೂ ನಿಶ್ಶಬ್ದ ಬೇಕು ಅನ್ನೋರಿಗೆ ಗೊಮ್ಮಟ ಬೆಟ್ಟದ ಕಡೆ ಇರುವ ರಾಮಸಮುದ್ರ, ಅದು ದೊಡ್ಡ ಕೆರೆ, ಜನ ಕಮ್ಮಿ. ಆದ್ರೆ ಎರಡಕ್ಕೂ ಸೇರಿಸಿ ಒಂದು ಸಾಲು ದಪ್ಪಕ್ಷರದಲ್ಲಿ ಹಾಕಿದ್ದೆ, ನೀರಿಗೆ ಇಳೀಬೇಡಿ ಅಂತ. ಮದುವೆ ಮನೆಯ ಹುಡುಗರು ನಾಲ್ಕು ಜನ ಸೇರಿದ್ರೆ ಈಜುವ ಹುಮ್ಮಸ್ಸು ಬರ್ತದೆ, ಹೊರಗಿನವರಿಗೆ ಆಳ ಗೊತ್ತಿರೋದಿಲ್ಲ, ಕೆಸರು ಎಲ್ಲಿ ಅಂತ ಗೊತ್ತಿರೋದಿಲ್ಲ. ಈ ವಿಷಯದಲ್ಲಿ ನಾನು ದಾಕ್ಷಿಣ್ಯ ಇಟ್ಕೊಳ್ಲಿಲ್ಲ, ಮದುಮಗನ ಫ್ರೆಂಡ್ಸಿಗೆ ಬಾಯಲ್ಲೂ ಹೇಳಿದೆ.

ಗೊಮ್ಮಟ ಬೆಟ್ಟ ಮತ್ತು ಚತುರ್ಮುಖ ಬಸದಿ ಎದುರುಬದುರು ಇರೋದ್ರಿಂದ ಒಟ್ಟಿಗೇ ಎರಡು ಗಂಟೆಯಲ್ಲಿ ಮುಗೀತದೆ. ಬಾಹುಬಲಿ ಮೂರ್ತಿ 42 ಅಡಿ, ಏಕಶಿಲೆ, 1432ರಲ್ಲಿ ಭೈರರಸ ವಂಶದ ವೀರಪಾಂಡ್ಯ ನಿಲ್ಲಿಸಿದ್ದು, 12 ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ಆಗ್ತದೆ, 2015ರಲ್ಲಿ ಆದಾಗ ಊರಿಡೀ ನೆಂಟರೇ. ಮೆಟ್ಟಿಲು ಹತ್ತಲು ಆಗದವರಿಗೆ ವಾಹನ ಹೋಗುವ ರಸ್ತೆ ಉಂಟು, ಇದನ್ನು ಬರೆದದ್ದರಿಂದ ಧಾರವಾಡದ ಅಜ್ಜಿ ಒಬ್ಬರು ಆಟೋದಲ್ಲಿ ಹೋಗಿ ದರ್ಶನ ಮಾಡಿ ಬಂದು ನನ್ನ ಕೈ ಹಿಡ್ಕೊಂಡು "ಭಾಳ ಛಲೋ ಆತು ನೋಡಪಾ" ಅಂದ್ರು, ಅಷ್ಟು ಖುಷಿ ಆಯ್ತು ನನಗೆ. ಮೇಲೆ ಬರಿಗಾಲಲ್ಲಿ ನಡೀಬೇಕು, ನಮ್ಮ ಮದುವೆ ಏಪ್ರಿಲ್ ಕೊನೆಗೆ, ಹನ್ನೊಂದರ ಮೇಲೆ ಬಂಡೆ ಕಾದು ಕಾಲಿಡ್ಲಿಕ್ಕೆ ಆಗೋದಿಲ್ಲ. ಹಾಗಾಗಿ ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ, ಮಧ್ಯಾಹ್ನ ಬೇಡವೇ ಬೇಡ ಅಂತ ಬರೆದಿದ್ದೆ, ಹಾಗೇ ಬ್ಯಾಗಲ್ಲಿ ಒಂದು ಜೊತೆ ಕಾಲುಚೀಲ ಇಟ್ಕೊಳ್ಳಿ ಅಂತಲೂ.

ಚತುರ್ಮುಖ ಬಸದಿ 1586ರದ್ದು, ಇಮ್ಮಡಿ ಭೈರವ ಕಟ್ಟಿಸಿದ್ದು, ನಾಲ್ಕು ದಿಕ್ಕಿಗೂ ಒಂದೇ ತರದ ಬಾಗಿಲು, 108 ಕಂಬ, ಮಾಡು ಅಂದ್ರೆ ಚಾವಣಿ ಕೂಡ ಕಲ್ಲಿನದ್ದೇ. ನನ್ನನ್ನು ಕೇಳಿದ್ರೆ ಕಾರ್ಕಳದಲ್ಲಿ ಒಂದೇ ಒಂದು ಜಾಗ ನೋಡ್ಲಿಕ್ಕೆ ಟೈಮ್ ಇದ್ರೆ ಇದನ್ನೇ ನೋಡಿ ಅಂತೇನೆ. ಸಂಜೆ ಆ ಜಗಲಿಯಲ್ಲಿ ಕೂತ್ರೆ ಎದುರಿಗೆ ಗೊಮ್ಮಟ, ಪೂರ್ವಕ್ಕೆ ಘಟ್ಟದ ಸಾಲು, ಗಾಳಿ ಬೀಸ್ತಾ ಇರ್ತದೆ, ಫೋಟೋಗೂ ಆ ಹೊತ್ತಿನ ಬೆಳಕು ಒಳ್ಳೇದು. ಪೇಟೆಯೊಳಗೆ ವೆಂಕಟರಮಣ ದೇವಸ್ಥಾನ, ಪಡುತಿರುಪತಿ ಅಂತಾರೆ, ಐದು ನಿಮಿಷ ಇದ್ರೂ ಹೋಗಿ ಕೈಮುಗಿದು ಬರ್ಬಹುದು.

ಅರ್ಧ ದಿನದವರಿಗೆ ಮೂರು ದಾರಿ ಕೊಟ್ಟೆ. ಮೂಡಬಿದಿರೆ ಸುಮಾರು 18 ಕಿಲೋಮೀಟರ್, 1430ರ ಸಾವಿರ ಕಂಬದ ಬಸದಿ, ಬಸ್ಸಲ್ಲೇ ಹೋಗ್ಬಹುದು. ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕಾ ಇನ್ನೂ ಹತ್ತಿರ, 2016ರಲ್ಲಿ ಬಸಿಲಿಕಾ ಸ್ಥಾನ ಸಿಕ್ಕಿದ್ದು, ಜನವರಿ ಕೊನೆಯ ಜಾತ್ರೆಗೆ ಎಲ್ಲ ಜಾತಿ ಧರ್ಮದವರೂ ಹೋಗ್ತಾರೆ, ನಮ್ಮ ಮನೆಯಿಂದಲೂ ಮೇಣದ ಬತ್ತಿ ಹರಕೆ ಹೋಗ್ತದೆ. ಮೂರನೇದು ಹೆಬ್ರಿ ದಾರಿಯ ವರಂಗ. ಕೆರೆ ಮಧ್ಯದ ಬಸದಿಗೆ ದೋಣಿಯಲ್ಲೇ ಹೋಗ್ಬೇಕು, ಸುತ್ತ ಗದ್ದೆ ತೋಟ, ಹಿಂದೆ ಗುಡ್ಡ. ಬೆಂಗಳೂರಿನವರಿಗೆಲ್ಲ ಅತಿ ಹೆಚ್ಚು ಹಿಡಿಸಿದ್ದು ಇದು. ಆದ್ರೆ ದೋಣಿಯಲ್ಲಿ ಒಂದು ಸಲಕ್ಕೆ ಸ್ವಲ್ಪವೇ ಜನ ಹಿಡಿಸೋದು, ಹಾಗಾಗಿ ಟೆಂಪೋ ಟ್ರಾವೆಲರ್ ಮಾಡ್ಕೊಂಡು ಇಡೀ ದಿಬ್ಬಣವೇ ಒಟ್ಟಿಗೆ ಹೋದ್ರೆ ದಡದಲ್ಲಿ ಕಾಯೋದೇ ಆಗ್ತದೆ, ಸಣ್ಣ ಸಣ್ಣ ಗುಂಪಲ್ಲಿ ಹೋಗಿ ಅಂತ ಹೇಳಿದ್ದೆ.

ಇಡೀ ದಿನ ಇದ್ದವರಿಗೆ ಕಾಪು ಬೀಚ್, ಅಲ್ಲಿ 1901ರ ಲೈಟ್‌ಹೌಸ್ ಉಂಟು, ಇಲ್ಲಾಂದ್ರೆ ಸ್ವಚ್ಛ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದ ಪಡುಬಿದ್ರಿ ಬೀಚ್. ಆಗುಂಬೆ ಸೂರ್ಯಾಸ್ತ ಎಲ್ರೂ ಕೇಳ್ತಾರೆ, ಮದುವೆ ದಿನ ಸಂಜೆ ಹೋಗ್ತೇವೆ ಅಂದವರಿಗೆ ಖಂಡಿತ ಬೇಡ ಅಂದೆ. ಭರ್ತಿ ಊಟ ಮಾಡಿ ಆ ಹೇರ್‌ಪಿನ್ ತಿರುವುಗಳನ್ನು ಹತ್ತಿ, ಕತ್ತಲಲ್ಲಿ ಘಾಟಿ ಇಳಿದು ಬರೋದು ಅಭ್ಯಾಸ ಇಲ್ಲದ ಡ್ರೈವರಿಗೆ ಒಳ್ಳೇದಲ್ಲ.

ಊಟದ ವಿಷಯ ಸ್ವಲ್ಪ ಜಾಸ್ತಿಯೇ ಬರೆದಿದ್ದೆ. ಉತ್ತರ ಕರ್ನಾಟಕದವರಿಗೆ ನಮ್ಮ ಕುಚ್ಚಲಕ್ಕಿ ಅನ್ನ ಮೊದಲ ದಿನ ಒಗ್ಗೋದಿಲ್ಲ, ಹೋಟೆಲಲ್ಲಿ "ಬೆಳ್ತಿಗೆ ಅನ್ನ ಕೊಡಿ" ಅಂತ ಕೇಳಿ, ಬಿಳಿ ಅನ್ನ ಸಿಗ್ತದೆ ಅಂದೆ. ಮನೆಯಲ್ಲಿ ಉಳ್ಕೊಂಡವರಿಗೆ ಚಿಕ್ಕಮ್ಮ ಚಪಾತಿ ವ್ಯವಸ್ಥೆ ಮಾಡಿದ್ಲು. ಬೆಳಿಗ್ಗೆಗೆ ನೀರುದೋಸೆ, ಬನ್ಸ್, ಸಂಜೆ ಚಾದ ಜೊತೆ ಗೋಳಿಬಜೆ, ಇದನ್ನು ದೊಡ್ಡ ಹೋಟೆಲಿಗಿಂತ ಬಸ್ ಸ್ಟ್ಯಾಂಡ್ ಆಸುಪಾಸಿನ ಸಣ್ಣ ಹೋಟೆಲಲ್ಲಿ ಬಿಸಿ ಇರುವಾಗ ತಿನ್ನಿ. ನಮ್ಮದು ವೆಜ್ ಮದುವೆ, ಹಾಗಾಗಿ ಕೋರಿ ರೊಟ್ಟಿ, ಮೀನಿನ ಊಟ ಬೇಕಾದವರು ಹಿಂದಿನ ದಿನವೇ ಮುಗಿಸಿ ಅಂತ ಬರೆದೆ. ಇನ್ನೊಂದು, ಮದುವೆ ದಿನ ಬೆಳಿಗ್ಗೆ ಹೊರಗೆ ಹೊಟ್ಟೆ ತುಂಬ ತಿನ್ನಬೇಡಿ, ಹನ್ನೆರಡೂವರೆಗೇ ಎಲೆ ಹಾಕ್ತಾರೆ, ಕಾಶಿ ಹಲ್ವ ಬರುವ ಹೊತ್ತಿಗೆ ಹೊಟ್ಟೆಯಲ್ಲಿ ಜಾಗ ಇರ್ಬೇಕು.

ರಾತ್ರಿ ಎಂತ ಮಾಡೋದು ಅಂತ ಹುಡುಗರು ಕೇಳಿದ್ರು. ಊರಲ್ಲಿ ನೈಟ್‌ಲೈಫ್ ಅಂದ್ರೆ ಯಕ್ಷಗಾನ. ಮೇಳಗಳ ತಿರುಗಾಟ ನವೆಂಬರ್‌ನಿಂದ ಮೇ ಕೊನೆಯ ಪತ್ತನಾಜೆ ತನಕ (ತುಳುನಾಡಲ್ಲಿ ತಿರುಗಾಟ ಮುಗಿಸುವ ದಿನ ಅದು), ಹರಕೆ ಆಟಕ್ಕೆ, ಅಂದ್ರೆ ಹರಕೆ ಹೊತ್ತವರು ಆಡಿಸುವ ಯಕ್ಷಗಾನಕ್ಕೆ, ಟಿಕೆಟ್ ಇಲ್ಲ, ಯಾರು ಬೇಕಾದ್ರೂ ಹೋಗಿ ಕೂರಬಹುದು. ಸುತ್ತಮುತ್ತ ಎಲ್ಲಿ ಆಟ ಉಂಟು ಅಂತ ವಿಚಾರಿಸಿ ಮದರಂಗಿ ದಿನ ರಾತ್ರಿ ಕಸಿನ್ ಜೊತೆ ಕಳಿಸಿದೆ. ಚೆಂಡೆ ಪೆಟ್ಟಿಗೆ ಅವರು ನಿದ್ದೆ ಮರೆತು ಕೂತಿದ್ರಂತೆ.

ಬಂದು ಹೋಗುವ ವ್ಯವಸ್ಥೆಯನ್ನು ಮೆಸೇಜಿನ ಮೇಲ್ಗಡೆಯೇ ಹಾಕಿ, ಅದೇ ಎಲ್ರಿಗೂ ಮೊದಲು ಬೇಕಾಗೋದು. ಕಾರ್ಕಳಕ್ಕೆ ರೈಲಿಲ್ಲ. ಬೆಂಗಳೂರಿಂದ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಬರೋರು ಉಡುಪಿಯಲ್ಲಿ ಇಳೀಬೇಕು, ಸ್ಟೇಷನ್ ಇರೋದು ಇಂದ್ರಾಳಿಯಲ್ಲಿ, ಅಲ್ಲಿಂದ ಆಟೋ ಮಾಡಿ ಬಸ್ ಸ್ಟ್ಯಾಂಡಿಗೆ ಬಂದು ಕಾರ್ಕಳ ಬಸ್ ಹತ್ಬೇಕು. ವಿಮಾನದವರು ಮಂಗಳೂರು ಏರ್‌ಪೋರ್ಟ್ ಇರುವ ಬಜ್ಪೆಯಿಂದ ಮೂಡಬಿದಿರೆ ಮೇಲೆ ಬರ್ಬೇಕು. ರಾತ್ರಿ ಬಸ್ಸಲ್ಲಿ ಬರೋರು ಬಂಡಿಮಠ ಬಸ್ ಸ್ಟ್ಯಾಂಡಲ್ಲಿ ಇಳಿಸ್ತಾರಾ ಬೈಪಾಸಲ್ಲಾ ಅಂತ ಹಿಂದಿನ ರಾತ್ರಿಯೇ ಕಂಡಕ್ಟರ್ ಹತ್ರ ಕೇಳಿಟ್ಕೊಳ್ಬೇಕು. ಮಂಗಳೂರು, ಉಡುಪಿಗೆ ಹಗಲಲ್ಲಿ ಪ್ರೈವೇಟ್ ಬಸ್ಸು ಬೇಕಾದಷ್ಟು, ರಾತ್ರಿ ಎಂಟರ ಮೇಲೆ ನಂಬಿ ಕೂರಬೇಡಿ. ಏಪ್ರಿಲ್ ಮೇ ಅಂದ್ರೆ ಮದುವೆಯೂ ಹೌದು ಶಾಲೆ ರಜೆಯೂ ಹೌದು, ವಾಪಸ್ ಟಿಕೆಟನ್ನು ಬರುವ ಟಿಕೆಟ್ ಜೊತೆಗೇ ಬುಕ್ ಮಾಡಿರ್ಬೇಕು.

ಪಿಡಿಎಫ್ ಮಾಡ್ಬೇಡಿ, ದೊಡ್ಡವರಿಗೆ ತೆರೀಲಿಕ್ಕೆ ಕಷ್ಟ. ಸಾದಾ ಮೆಸೇಜ್, ಪ್ರತಿ ಜಾಗಕ್ಕೂ ಲೊಕೇಶನ್ ಲಿಂಕ್, ಓದ್ಲಿಕ್ಕೆ ಆಗದವರಿಗೆ ಅಮ್ಮನ ಧ್ವನಿಯಲ್ಲಿ ಒಂದು ವಾಯ್ಸ್ ಮೆಸೇಜ್. ಕೊನೆಗೆ ಎರಡು ಫೋನ್ ನಂಬರ್, ಹಗಲಿಗೆ ಒಬ್ಬ ಕಸಿನ್, ರಾತ್ರಿ ಮತ್ತು ಬೆಳಗಿನ ಜಾವಕ್ಕೆ ಇನ್ನೊಬ್ಬ. ಇಬ್ಬರೂ ಧಾರೆಯ ಹೊತ್ತಿಗೆ ಮಂಟಪದ ಹತ್ರ ಕೆಲಸ ಇಲ್ಲದವರೇ ಆಗಿರ್ಬೇಕು, ಇಲ್ಲಾಂದ್ರೆ ಫೋನ್ ಎತ್ತೋರು ಯಾರೂ ಇರೋದಿಲ್ಲ.